ಅಮ್ಮನಿಗೆ ಹೊಳೆ ಕಾಣುವ ರೂಮು

ಆಫೀಸಿನ ಕೆಲಸಕ್ಕೆ ಊರೂರು ಅಲೆಯುವವರಿಗೆ ಎರಡು ಸಂಬಳ. ಒಂದು ತಿಂಗಳ ಕೊನೆಗೆ ಬ್ಯಾಂಕಿಗೆ ಬಂದು, ಮೂರನೇ ದಿನ ಇಎಂಐಗೆ ಹೋಗುತ್ತದೆ. ಇನ್ನೊಂದು ಹೋಟೆಲಿನ ಆ್ಯಪ್‌ನಲ್ಲಿ ಪಾಯಿಂಟಾಗಿ ಸುಮ್ನೆ ಬೆಳೆಯುತ್ತಾ ಇರುತ್ತದೆ, ಸಾಕಷ್ಟು ಸೇರಿದರೆ ಅದರಲ್ಲೇ ಪುಕ್ಕಟೆ ರೂಮು. ಬಿಲ್ಲು ಕಂಪನಿಯದು, ಪಾಯಿಂಟು ನಮ್ಮದು. ಇದಕ್ಕಿಂತ ಚಂದದ ವ್ಯವಸ್ಥೆಯನ್ನು ನಾನಂತೂ ಕಂಡಿಲ್ಲ.

ಈ ಚಟ ಹಿಡಿಸಿದ್ದು ವಿಮಾನದವರು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹಾರಿದ ಮೈಲಿ ಕೂಡಿಸಿ ಪುಕ್ಕಟೆ ಟಿಕೆಟ್ ಕೊಡುವ ಲೆಕ್ಕ ಶುರು ಮಾಡಿತು. 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲುಗಳು ಅದೇ ದಾರಿ ಹಿಡಿದವು. ಈಗ ನಮ್ಮ ತಾಜ್, ಐಟಿಸಿಯವರದ್ದೂ ಇದೆ. ಮ್ಯಾರಿಯಟ್‌ನಲ್ಲಿ ವರ್ಷಕ್ಕೆ 10 ರಾತ್ರಿ ಮಲಗಿದರೆ ಸಿಲ್ವರ್ ದರ್ಜೆ, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಮ್. ಹೀಗೆ ಮಲಗಿ ಮಲಗಿಯೇ ಮೇಲೆ ಹೋಗಬಹುದಾದ ಕೆಲಸ ಬೇರೆ ಯಾವುದಿದೆ ಹೇಳಿ? ಡಿಸೆಂಬರ್ ಬಂದಾಗ ಒಂದೆರಡು ರಾತ್ರಿ ಕಮ್ಮಿ ಬಿದ್ದವರು ಸ್ವಂತ ಮನೆ ಬಿಟ್ಟು ಅದೇ ಊರಿನ ಹೋಟೆಲಿಗೆ ಹೋಗಿ ಮಲಗುವುದೂ ಉಂಟು. ಅದಕ್ಕೆ ‘ಮ್ಯಾಟ್ರೆಸ್ ರನ್’ ಅಂತ ಹೆಸರೂ ಇದೆ. ಹೆಂಡತಿಗೆ ಏನು ಹೇಳಿ ಹೊರಡುತ್ತಾರೋ ದೇವರಿಗೇ ಗೊತ್ತು.

ನಾನು ಗೋಲ್ಡ್ ಮೆಂಬರ್ ಆಗಿರುವುದು ಬೇರೆ ಹೋಟೆಲ್ ಕಂಪನಿಯಲ್ಲಿ, ಹೆಸರು ಬೇಡ ಬಿಡಿ. ಪಾಯಿಂಟ್ ಎಕ್ಸ್‌ಪೈರ್ ಆಗುತ್ತದೆ ಅಂತ ಮೆಸೇಜ್ ಬಂತು. ಅದೇ ಹೊತ್ತಿಗೆ ಅಮ್ಮ ಗುರುವಾಯೂರಿಗೆ ಹೋಗಬೇಕು ಅನ್ನುತ್ತಿದ್ದಳು. ಕೊಚ್ಚಿಗೆ ವಿಮಾನ, ಅಲ್ಲೊಂದು ರಾತ್ರಿ, ಬೆಳಿಗ್ಗೆ ಎದ್ದು ದೇವರ ದರ್ಶನ. ಎರಡು ಮಂಚದ ಸಾದಾ ರೂಮು ಪಾಯಿಂಟಿನಲ್ಲೇ ಸಿಕ್ಕಿತು. ಆದರೆ ಆ್ಯಪ್ ಬಿಡಬೇಕಲ್ಲ? ಇನ್ನೊಂದಿಷ್ಟು ಪಾಯಿಂಟ್ ಕೊಟ್ಟರೆ ಹಿನ್ನೀರು ಕಾಣುವ ಸೂಟ್, ಅಂದರೆ ಹಾಲ್ ಕೂಡ ಇರುವ ದೊಡ್ಡ ರೂಮು, ಇದೆ ಎಂದಿತು. ಅಮ್ಮನಿಗಲ್ಲದೆ ಇನ್ಯಾರಿಗೆ ಅಂತ ಒತ್ತಿಬಿಟ್ಟೆ.

ರಿಸೆಪ್ಷನ್‌ನಲ್ಲಿ ಹುಡುಗಿ ‘ಕಂಗ್ರಾಜುಲೇಷನ್ಸ್ ಸರ್, ನಿಮಗೆ ಅಪ್‌ಗ್ರೇಡ್ ಆಗಿದೆ’ ಎಂದಳು. ಪಾಯಿಂಟ್ ಕಿತ್ತುಕೊಂಡು ಅಭಿನಂದನೆ ಹೇಳುವ ಈ ಕಲೆ ದೊಡ್ಡ ಹೋಟೆಲುಗಳಿಗೆ ಮಾತ್ರ ಬರುತ್ತದೆ. ನಾನೂ ಏನೋ ಬಹುಮಾನ ಬಂದವನ ಹಾಗೆ ಥ್ಯಾಂಕ್ಸ್ ಹೇಳಿದೆ.

ರೂಮು ತೋರಿಸಲು ಬಂದ ಹೋಟೆಲಿನ ಹುಡುಗ ಗೋಡೆಯ ಮೇಲಿನ ಗುಂಡಿ ಒತ್ತಿದ. ಪರದೆ ತಾನಾಗಿಯೇ ಗಾಂಭೀರ್ಯದಿಂದ ಸರಿಯಿತು. ಆಚೆ ಅಗಲವಾದ ನೀರು, ದಡದಲ್ಲಿ ತೆಂಗಿನ ಸಾಲು, ನಡುವೆ ಒಂದು ದೋಣಿ. ಅವನು ಅಮ್ಮನ ಮುಖ ನೋಡಿದ. ನಾನೂ ನೋಡಿದೆ.

ಅಮ್ಮ ಕುಂದಾಪುರದವಳು. ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಜಾಗದ ಪಕ್ಕದಲ್ಲೇ ಹುಟ್ಟಿ ಬೆಳೆದವಳು.

‘ಇದ್ನ್ ಕಾಂಬುಕೆ ಇಲ್ಲಿ ತನ್ಕ ಬರ್ಕಿತ್ತಾ? ನಮ್ಮನಿ ಹಿಂದೆ ಇಪ್ಪುದ್ ಎಂತ ಹಂಗಾರೆ?’

ಆಮೇಲೆ ಮಂಚದ ವಿಷಯ ಗೊತ್ತಾಯಿತು. ಸೂಟಿನಲ್ಲಿ ಒಂದೇ ಮಂಚವಂತೆ, ಕಿಂಗ್ ಸೈಜಿನದು. ಮೇಲಿನ ದರ್ಜೆಗೆ ಹೋದ ಹಾಗೆ ಮಂಚಗಳು ಕಡಿಮೆಯಾಗುತ್ತವೆ ಎನ್ನುವುದು ಹೋಟೆಲಿನವರ ನಂಬಿಕೆ. ಹನಿಮೂನಿಗೆ ಬಂದವರಿಗೆ ಸರಿ. ಚಕ್ರದ ಮೇಲೆ ಒಂದು ಎಕ್ಸ್ಟ್ರಾ ಬೆಡ್ ಬಂತು, ಸೋಫಾ ಪಕ್ಕ ನಿಂತಿತು. ಅದಕ್ಕೆ ಪಾಯಿಂಟ್ ನಡೆಯುವುದಿಲ್ಲ, ರೂಪಾಯಿಯೇ ಬೇಕು, ಜೊತೆಗೆ ಜಿಎಸ್‌ಟಿ. ಗೋಲ್ಡ್ ಮೆಂಬರ್ ಹಾಲ್‌ನಲ್ಲಿ, ಕಾಲು ಮಡಚಿಕೊಂಡು.

ಇದೆಲ್ಲ ಹೋಗಲಿ, ಬಚ್ಚಲಿನ ಗೋಡೆ ಗಾಜಿನದು. ಯಾರ ತಲೆಗೆ ಇದು ಮೊದಲು ಹೊಳೆಯಿತೋ, ಅವನಿಗೆ ಅಮ್ಮ ಇರಲಿಲ್ಲ ಅಂತ ಕಾಣುತ್ತದೆ. ಒಳಗೊಂದು ಬ್ಲೈಂಡ್ ಇತ್ತು, ಅದನ್ನು ಇಳಿಸುವ ಗುಂಡಿ ಮಾತ್ರ ಮಂಚದ ತಲೆಯ ಹತ್ತಿರ, ಒಂದೇ ತರಹದ ಗುಂಡಿಗಳ ಸಾಲಿನಲ್ಲಿ. ಒಂದು ಒತ್ತಿದೆ, ಮಂಚದ ಕೆಳಗೆ ನೀಲಿ ಬೆಳಕು ಬಂತು. ಇನ್ನೊಂದು ಒತ್ತಿದರೆ ಕಿಟಕಿಯ ಪರದೆ ಮತ್ತೆ ಗಾಂಭೀರ್ಯದಿಂದ ಮುಚ್ಚಿಕೊಂಡಿತು. ಮತ್ತೊಂದಕ್ಕೆ ಬಾಗಿಲಾಚೆ ‘ತೊಂದರೆ ಕೊಡಬೇಡಿ’ ದೀಪ ಹತ್ತಿತು. ಬ್ಲೈಂಡ್ ಅಲ್ಲಾಡಲಿಲ್ಲ. ಅಮ್ಮ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತೇ ಇದ್ದಳು. ಕೊನೆಗೆ ‘ನೀನ್ ಹೊರ್ಗೆ ನಡಿ’ ಎಂದಳು.

ಅಮ್ಮನ ಸ್ನಾನ ಮುಗಿಯುವವರೆಗೂ ಕಾರಿಡಾರಿನಲ್ಲಿ, ಬನಿಯನ್ ಮತ್ತು ಹೋಟೆಲಿನ ಬಿಳಿ ಚಪ್ಪಲಿಯಲ್ಲಿ ನಿಂತಿದ್ದೆ. ಹೋಗುವವರೆಲ್ಲ ಅಯ್ಯೋ ಪಾಪ ಎಂದು ನೋಡಿದರು. ಜಗಳವಾಡಿ ಹೆಂಡತಿ ಹೊರಗೆ ಹಾಕಿದ್ದಾಳೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಹೌಸ್‌ಕೀಪಿಂಗ್‌ನವನು ಬಕೆಟ್, ಮಗ್ಗು ತಂದ. ಅಮ್ಮ ಒಳಗಿನಿಂದಲೇ ಫೋನ್ ಮಾಡಿ ಕೇಳಿದ್ದಳಂತೆ. ತಲೆ ಮೇಲೆ ಮಳೆ ಸುರಿಸುವ ದೊಡ್ಡ ಶವರ್ ಇದ್ದರೂ ಅಮ್ಮನ ಪ್ರಕಾರ ಮಗ್ಗಿಲ್ಲದ್ದು ಸ್ನಾನವೇ ಅಲ್ಲ.

ಒಳಗೆ ಹೋದರೆ ಅಮ್ಮ ಖುಷಿಯಾಗಿದ್ದಳು. ಬಾತ್‌ಟಬ್ ಮೇಲಿನ ಗೋಡೆಯಲ್ಲಿ ಒಂದು ದುಂಡನೆಯ ಸ್ಟೀಲಿನ ಮುಚ್ಚಳ. ಅದರ ನಡುವಿನ ಗುಬಟು ಹಿಡಿದು ಎಳೆದರೆ ಒಳಗಿನಿಂದ ಹಗ್ಗ ಬರುತ್ತದೆ, ಎದುರಿನ ಕೊಕ್ಕೆಗೆ ಸಿಕ್ಕಿಸಬಹುದು. ಬಿಟ್ಟರೆ ಸರ್ ಅಂತ ಒಳಗೆ ಹೋಗುತ್ತದೆ. ಇಷ್ಟು ವರ್ಷ ಹೋಟೆಲುಗಳಲ್ಲಿ ಬಿದ್ದುಕೊಂಡಿದ್ದರೂ ನಾನದನ್ನು ಏನೋ ಪೈಪಿನ ಮುಚ್ಚಳ ಅಂದುಕೊಂಡಿದ್ದೆ. ಅಮ್ಮ ಅದರ ಮೇಲೆ ಸೀರೆ ಹರವಿದ್ದಳು. ಆ ಸೀರೆಯಿಂದ ಗಾಜಿನ ಗೋಡೆಯೂ ಮುಚ್ಚಿತ್ತು. ರಾತ್ರಿ ನನ್ನ ಸ್ನಾನವೂ ಮಾನವಾಗಿ ಆಯಿತು.

ಸೂಟಿನ ಜೊತೆಗೆ ಇನ್ನೂ ಎರಡು ಸವಲತ್ತಿದ್ದವು. ಪುಕ್ಕಟೆ ಬ್ರೇಕ್‌ಫಾಸ್ಟ್ ಮತ್ತು ಸಂಜೆ ನಾಲ್ಕರವರೆಗೆ ಲೇಟ್ ಚೆಕ್‌ಔಟ್. ದರ್ಶನ ಆಗುವವರೆಗೆ ಅಮ್ಮ ಬಾಯಿಗೆ ಏನೂ ಹಾಕುವುದಿಲ್ಲ. ಬೆಳಿಗ್ಗೆ ಐದೂವರೆಗೇ ಬ್ಯಾಗಿನ ಜಿಪ್ ಎಳೆದು ಬಾಗಿಲ ಹತ್ತಿರ ಕೂತಿದ್ದಳು. ಆ ಹೊತ್ತಿನಲ್ಲೂ ರಿಸೆಪ್ಷನ್‌ನವರು ‘ನಾಲ್ಕರವರೆಗೆ ಟೈಮ್ ಇದೆ ಸರ್’ ಎಂದು ನೆನಪಿಸಿದರು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ‘ನಾಲ್ಕ್ ಗಂಟಿ ತನ್ಕ ಇಲ್ಲಿ ಎಂತ ಮಾಡುದ್?’ ಎಂದು ಟ್ಯಾಕ್ಸಿ ಹತ್ತಿದಳು.

ಪರವೂರು ದಾಟುವಷ್ಟರಲ್ಲಿ ಫೋನು ಟಿಣ್ ಎಂದಿತು. ನಮ್ಮ ಅಪ್‌ಗ್ರೇಡ್ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ ಪ್ರಶ್ನೆ. ಅಮ್ಮನನ್ನೇ ಕೇಳಿದೆ.

‘ಹಗ್ಗಕ್ ಹತ್ತ್ ಕೊಡ್. ಬಾಕಿದ್ ನೀನೇ ಕಂಡ್ಕೋ.’