ಕುಡಿಯೋ ನೀರಿಗೂ ಬಿಲ್ಲು

ಎರಡು ದಿನಕ್ಕೆ ಅಂತ ಜರ್ಮನಿಯ ಕಲೋನ್‌ಗೆ ಹೋಗಿದ್ದೆವು. ಅಲ್ಲಿನ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು, ನೋಡಿ ಬೆರಗಾಯಿತು. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಕಟ್ಟಡ, 157 ಮೀಟರ್ ಎತ್ತರ. ದಕ್ಷಿಣದ ಗೋಪುರಕ್ಕೆ 533 ಮೆಟ್ಟಿಲು, ಸುತ್ತಿ ಸುತ್ತಿ ಹತ್ತಬೇಕು. ಇಳಿದು ಬರುವಷ್ಟರಲ್ಲಿ ಮಗಳ ಗಂಟಲು ಒಣಗಿತ್ತು.

ಹತ್ತಿರದ ಹೋಟೆಲಿಗೆ ಹೋಗಿ ನೀರು ಕೇಳಿದೆ. ಕಾಲು ಲೀಟರಿನ ಪುಟ್ಟ ಗಾಜಿನ ಬಾಟಲಿ ಬಂತು. ಬಾಯಿಗಿಟ್ಟರೆ ಸೋಡಾ! ಮಗಳು ಮುಖ ಕಿವುಚಿ ವಾಪಸ್ ಇಟ್ಟಳು. ಗ್ಯಾಸ್ ಇಲ್ಲದ ನೀರು ಬೇಕಾದರೆ ಹಾಗಂತಲೇ ಕೇಳಬೇಕಂತೆ. ಸರಿ, ಇನ್ನೊಂದು ಬಾಟಲಿ. ಒಂದೊಂದಕ್ಕೂ ಮೂರು ಯೂರೋ ಮೇಲೆ. ನಲ್ಲಿ ನೀರಾದರೂ ಕೊಡಿ ಅಂದರೆ ಆಗಲ್ಲ ಅಂದುಬಿಟ್ಟರು. ಆ ಊರಿನ ನಲ್ಲಿ ನೀರು ಕುಡಿಯೋಕೆ ಚೆನ್ನಾಗಿಯೇ ಇದೆ, ಅದಕ್ಕೇ ಸಿಟ್ಟು ಜಾಸ್ತಿ. ಪಕ್ಕದ ಟೇಬಲಿಗೆ ಮಾತ್ರ 200 ಮಿಲಿಲೀಟರಿನ ಕೋಲ್ಶ್ ಬಿಯರ್ ಗ್ಲಾಸು, ಖಾಲಿಯಾದ ಹಾಗೆಲ್ಲ ಕೇಳದೆಯೇ ಬರುತ್ತಿತ್ತು.

ಊಟದ ಬಗ್ಗೆ ದೂರಿಲ್ಲ. ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸಿದ ರೈಬೆಕೂಖೆನ್, ಜೊತೆಗೆ ಸೇಬಿನ ಗೊಜ್ಜು, ಬಿಸಿಬಿಸಿ, ಗರಿಗರಿ. ಆದರೆ ನಮ್ಮೂರಲ್ಲಿ ಎಷ್ಟು ಚಿಕ್ಕ ಹೋಟೆಲಾದರೂ ಕೂತ ಕೂಡಲೇ ಮೊದಲು ನೀರಿನ ಲೋಟ ಇಡುತ್ತಾರೆ, ಆಮೇಲೆ ಏನು ಬೇಕು ಅಂತ ಕೇಳೋದು, ಅಲ್ವಾ? ಬಾಯಾರಿ ಬಂದ ಮಗುವಿಗೆ ಒಂದು ಲೋಟ ನಲ್ಲಿ ನೀರು ಕೊಡೋಕೆ ಏನು ಕಷ್ಟ?