ಯಾವೂರಾಯ್ತು?

ಬಸ್ಸು ಊರು ದಾಟುವ ಮೊದಲೇ ಪಕ್ಕದ ಸೀಟಿನ ಹಿರಿಯರು ಕೇಳಿದರು, "ಯಾವೂರಾಯ್ತು?" ಬೆಂಗಳೂರು ಅಂದೆ. "ಅದಿರ್ಲಿ, ಸ್ವಂತ ಊರು?" ಅಪ್ಪನ ಊರು ಹೇಳಿದೆ. ಆಗ ಅವರಿಗೆ ಸಮಾಧಾನ. ನಾನು ಆ ಊರಲ್ಲಿ ಹುಟ್ಟಿದವನಲ್ಲ, ಬೆಳೆದವನೂ ಅಲ್ಲ. ಜಾತ್ರೆಗೆ ಹೋಗಿಬಂದರೆ ಅದೇ ಜಾಸ್ತಿ.

ನಮ್ಮಲ್ಲಿ ಇದು ಸುಮ್ನೆ ಮಾತಿಗೆ ಕೇಳೋದು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಇದೇ ಪ್ರಶ್ನೆಯನ್ನು ಕಾನೂನು ಕೇಳುತ್ತಿತ್ತು. ಉತ್ತರ ತಪ್ಪಿದರೆ ಗಾಡಿ ಹತ್ತಿಸಿ ವಾಪಸ್.

ಶುರುವಾದದ್ದು ಒಳ್ಳೇ ಉದ್ದೇಶದಿಂದಲೇ. 1601ರಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ, ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ಸಾಕಬೇಕು ಅಂತಾಯಿತು. ಪ್ಯಾರಿಷ್ ಅಂದರೆ ಒಂದು ಚರ್ಚು, ಅದರ ಸುತ್ತಲಿನ ಊರು. ಅಲ್ಲಿ ಮನೆ, ಜಮೀನು ಇದ್ದವರು ಇದಕ್ಕಾಗಿ ತೆರಿಗೆ ಕೊಡಬೇಕು. ನಮ್ಮ ಮನೆ ತೆರಿಗೆಯ ರಸೀದಿಯಲ್ಲೂ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ 'ಭಿಕ್ಷುಕರ ಕರ' ಇರುತ್ತದೆ. (ಎಷ್ಟು ಸೊಗಸಾದ ಪ್ರಾಸ, ಕಟ್ಟುವಾಗ ಮಾತ್ರ ಯಾರೂ ಮೆಚ್ಚುವುದಿಲ್ಲ.) ಆದರೆ ಅಲ್ಲಿ ಆ ದುಡ್ಡು ಊರ ಪೆಟ್ಟಿಗೆಯಿಂದಲೇ ಹೋಗಬೇಕು. ಹಾಗಾಗಿ ಹೊಸ ಮುಖ ಕಂಡರೆ ಸಾಕು, ಊರಿನವರಿಗೆ ಎದೆ ಧಸಕ್ ಅನ್ನುತ್ತಿತ್ತು. ನಾಳೆ ಇವನಿಗೂ ನಾವೇ ಅನ್ನ ಹಾಕಬೇಕಾ?

1662ರ ಕಾನೂನು ಈ ಭಯಕ್ಕೆ ಮದ್ದು ಕೊಟ್ಟಿತು. ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಗೆ ಬಂದವನನ್ನು ನಲವತ್ತು ದಿನದೊಳಗೆ ಊರಾಚೆ ಕಳಿಸಬಹುದು. ನಲವತ್ತು ದಿನ ದಾಟಿದರೆ ಅವನು ಆ ಊರಿನವನೇ. ಜನ ಏನು ಮಾಡಿದರು? ಬಚ್ಚಿಟ್ಟುಕೊಂಡರು! ಪಾಂಡವರಿಗೆ ಒಂದು ವರ್ಷದ ಅಜ್ಞಾತವಾಸ, ಇವರಿಗೆ ನಲವತ್ತೇ ದಿನ. ಸರ್ಕಾರವೂ ಬಿಡಲಿಲ್ಲ. ಬಂದಿದ್ದೇನೆ ಅಂತ ಬರೆದುಕೊಡಬೇಕು, ಅದನ್ನು ಚರ್ಚಿನಲ್ಲಿ ಎಲ್ಲರೆದುರು ಓದಬೇಕು, ದಿನದ ಲೆಕ್ಕ ಆಮೇಲಿಂದ ಅಂದಿತು.

ಮಕ್ಕಳಿಗೆ ಅಪ್ಪನ ಊರೇ ಊರು, ಹೆಂಡತಿಗೆ ಗಂಡನ ಊರು. ಗಂಡ ಸತ್ತು ಕೈ ಖಾಲಿಯಾದವಳನ್ನು, ಅವಳು ಕಣ್ಣಲ್ಲೂ ಕಂಡಿರದ ಗಂಡನ ಊರಿಗೆ ಮಕ್ಕಳ ಸಮೇತ ಸಾಗಿಸಬಹುದಿತ್ತು. ಮದುವೆಯಾಗದವನು ಪೂರ್ತಿ ಒಂದು ವರ್ಷದ ಆಳಾಗಿ ದುಡಿದರೂ ಆ ಊರಿನ ಹಕ್ಕು ಸಿಗುತ್ತಿತ್ತು. ಅದಕ್ಕೇ ಎಷ್ಟೋ ಯಜಮಾನರು ಐವತ್ತೊಂದು ವಾರಕ್ಕೆ ಮಾತ್ರ ಆಳು ಇಟ್ಟುಕೊಳ್ಳುತ್ತಿದ್ದರು. ಈ ಲೆಕ್ಕ ನಮ್ಮ ಗುತ್ತಿಗೆ ಕೆಲಸದಲ್ಲೂ ಕೇಳಿದ ಹಾಗಿದೆ ಅಲ್ವಾ?

ನನಗೆ ನುಂಗಲಾಗದ್ದು ಬಸುರಿಯರ ಕಥೆ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಹುಟ್ಟಿದ ಜಾಗವೇ ಊರು. ಹಾಗಾಗಿ ದಿನ ತುಂಬಿದ ಹೆಣ್ಣನ್ನು ಗಡಿ ದಾಟಿಸಿಬಿಡುತ್ತಿದ್ದರು. ಹೆರಿಗೆ ಆಚೆ ಊರಲ್ಲಾದರೆ ಖರ್ಚು ಆಚೆಯವರದ್ದು. ಇನ್ನು ಕೆಲವು ಕಡೆ ಬೇರೆ ಊರಿನ ಗಂಡು ಹುಡುಕಿ, ಕೈಗೆ ಕಾಸು ಕೊಟ್ಟು ಮದುವೆ ಮಾಡಿಸುತ್ತಿದ್ದರು. ತಾಳಿ ಭಾಗ್ಯ ಅಂದರೆ ಇದೇ ಇರಬೇಕು.

ಯಾರ ಆಳೂ ಅಲ್ಲದೆ ಅಲೆಯುವವರ ಪಾಡು ಇನ್ನೂ ಕಷ್ಟ. 1572ರ ಕಾನೂನಿನಲ್ಲಿ ಅವರಿಗೆ ಚಾಟಿ ಏಟು, ಜೊತೆಗೆ ಒಂದಿಂಚು ಸುತ್ತಳತೆಯ ಕಾದ ಕಬ್ಬಿಣದಿಂದ ಬಲಗಿವಿಗೆ ತೂತು. ಆ ಪಟ್ಟಿಯಲ್ಲಿ ಕರಡಿ ಆಡಿಸುವವರು, ಕೈ ನೋಡಿ ಭವಿಷ್ಯ ಹೇಳುವವರು, ಕೊನೆಗೆ ನಾಟಕದವರೂ ಇದ್ದರು. ದೊಡ್ಡ ದೊರೆಯ ಆಶ್ರಯ ಇದ್ದರೆ ಮಾತ್ರ ಬಚಾವ್. ಷೇಕ್ಸ್‌ಪಿಯರ್ ಇದ್ದ ತಂಡ ಲಾರ್ಡ್ ಚೇಂಬರ್ಲೇನರ ಹೆಸರು ಹೊತ್ತು ತಿರುಗಿದ್ದು ಬರೀ ದೌಲತ್ತಿಗಲ್ಲ, ಬೆನ್ನು ಉಳಿಸಿಕೊಳ್ಳಲಿಕ್ಕೂ ಹೌದು (ಕಿವಿ ತೂತು ಅಷ್ಟರಲ್ಲಿ ರದ್ದಾಗಿತ್ತು, ಚಾಟಿ ಏಟು ಉಳಿದಿತ್ತು). ನಮ್ಮ ಬಯಲಾಟದವರು 1572ರಲ್ಲಿ ಅಲ್ಲಿದ್ದಿದ್ದರೆ ಎಷ್ಟು ಕಿವಿ ಹೋಗುತ್ತಿತ್ತೋ.

ನೆರವು ಸಿಕ್ಕವರೂ ಸುಮ್ಮನೆ ತಿನ್ನುವಂತಿರಲಿಲ್ಲ. 1697ರಿಂದ ಬಲತೋಳಿನ ಮೇಲೆ ಕೆಂಪೋ ನೀಲಿಯೋ ಬಟ್ಟೆಯಲ್ಲಿ 'ಪಿ' ಅಕ್ಷರ ಹೊಲಿದುಕೊಳ್ಳಬೇಕು. ಪಿ ಅಂದರೆ ಪಾಪರ್, ನಾವು ಹೇಳುವ ಅದೇ ಪಾಪರ್. ಪಕ್ಕದಲ್ಲೇ ಊರಿನ ಮೊದಲಕ್ಷರ. ಯಾವೂರಾಯ್ತು ಅಂತ ಕೇಳುವ ಶ್ರಮವೂ ಇಲ್ಲ. 1810ರವರೆಗೂ ಈ ಗುರುತು ಕಾನೂನಿನಲ್ಲಿತ್ತು.

ಬಸ್ಸು ಅರಸೀಕೆರೆ ತಲುಪಿತು. ಹಿರಿಯರು ಚೀಲ ಹೆಗಲಿಗೇರಿಸಿ, "ಇಲ್ಲೇ ಹತ್ರ ನಮ್ಮೂರು, ಯಾವಾಗಾದ್ರೂ ಬನ್ನಿ, ನಾಕು ದಿನ ಇದ್ದು ಹೋಗಿ" ಅಂದರು. ನಲವತ್ತು ದಿನ ಆದರೆ ಪರವಾಗಿಲ್ವಾ ಅಂತ ಕೇಳೋಣ ಅನ್ನುವಷ್ಟರಲ್ಲಿ ಅವರು ಇಳಿದಾಗಿತ್ತು.