ಮೂರು ಸಲ ಆಯ್ತಲ್ಲ, ಡ್ರಾ ಎಲ್ಲಿ?

ಆನ್‌ಲೈನ್ ಚೆಸ್‌ನಲ್ಲಿ ಸೋಲುತ್ತಿರುವವರಷ್ಟು ಶ್ರದ್ಧೆಯಿಂದ ಎಣಿಸುವವರು ಇನ್ನೊಬ್ಬರಿಲ್ಲ. ಇಷ್ಟು ಎಣಿಸಿಯೂ ಲೆಕ್ಕ ತಪ್ಪುವವರೂ ಅವರೇ.

ಒಂದು ರೂಕ್ ಕಳೆದುಕೊಂಡಾಗಿದೆ, ಇನ್ನೇನು ಮುಗಿಯಿತು ಅನ್ನುವಾಗ ಕ್ವೀನ್‌ಗೆ ಒಂದು ದಾರಿ ಕಾಣುತ್ತದೆ. ಇ8 ಎಂಬ ಮನೆಗೆ ಹೋಗಿ ಚೆಕ್ (ರಾಜನ ಮೇಲೆ ನೇರ ದಾಳಿ), ಕಪ್ಪು ರಾಜ ಎಚ್7. ಎಚ್5ಕ್ಕೆ ಬಂದು ಚೆಕ್, ರಾಜ ಜಿ8. ಮತ್ತೆ ಇ8, ಚೆಕ್. ‘ಮೂರು ಚೆಕ್ ಆಯ್ತು, ಡ್ರಾ!’ ಎಂದು ನಮ್ಮ ಆಟಗಾರ ಕುರ್ಚಿಗೆ ಒರಗಿ ಕೈ ಮೇಲೆತ್ತಿ ಮೈ ಮುರಿಯುತ್ತಾನೆ. ಗಡಿಯಾರ ಮಾತ್ರ ಓಡುತ್ತಲೇ ಇದೆ. ಎದುರಾಳಿ ರಾಜನನ್ನು ಮತ್ತೆ ಎಚ್7ಕ್ಕೆ ಸರಿಸಿ ಕಾಯುತ್ತಿದ್ದಾನೆ.

ಮೊದಲ ಎಡವಟ್ಟು ಇದೇ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ಮೂರು ಚೆಕ್‌ಗೆ ಡ್ರಾ ಎಂಬುದಿಲ್ಲ, ಕೊನೆಯಿಲ್ಲದೆ ಕೊಡುತ್ತ ಹೋಗುವ ಪರ್ಪೆಚುಯಲ್ ಚೆಕ್‌ಗೆಂದೇ ಪ್ರತ್ಯೇಕ ನಿಯಮವೂ ಇಲ್ಲ. ಎಣಿಸುವುದು ನಡೆಗಳನ್ನಲ್ಲ, ಸ್ಥಿತಿಯನ್ನು: ಕಾಯಿಗಳೆಲ್ಲ ಅದೇ ಜಾಗದಲ್ಲಿ, ಸರದಿಯೂ ಅದೇ ಆಟಗಾರನದಾಗಿ, ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು. ಇದೇ ಉದಾಹರಣೆಯಲ್ಲಿ ಕ್ವೀನ್ ಮೊದಲೇ ಎಚ್5ರಲ್ಲಿ, ರಾಜ ಜಿ8ರಲ್ಲಿ ಇದ್ದರೆ ಆ ಹೊರಟ ಸ್ಥಿತಿಯೇ ಒಂದನೇ ಸಲ. ಎರಡನೇ ಚೆಕ್ ಆಗಿ ರಾಜ ಜಿ8ಕ್ಕೆ ಮರಳಿದಾಗ ಎರಡು, ನಾಲ್ಕನೇ ಚೆಕ್ ಆಗಿ ಮರಳಿದಾಗ ಮೂರು. ಸರದಿ ನಿಮ್ಮದೇ, ಆಗ ಡ್ರಾ ಕೇಳಬಹುದು. ಕ್ವೀನ್ ಇ2ರಿಂದಲೋ ಮತ್ತೆಲ್ಲಿಂದಲೋ ಇ8ಕ್ಕೆ ನೇರ ಬಂದಿದ್ದರೆ ಮೂರನೇ ಸಲ ಆಗುವುದು ಐದನೇ ಚೆಕ್‌ಗೆ. ಅಲ್ಲೂ ಒಂದು ಕಿರಿಕಿರಿ ಇದೆ: ಆ ಚೆಕ್ ಕೊಟ್ಟ ಮೇಲೆ ಸರದಿ ಎದುರಾಳಿಯದು. ಗೆಲ್ಲುತ್ತಿರುವ ಅವನು ಯಾವ ಜನ್ಮದಲ್ಲೂ ಡ್ರಾ ಕೇಳುವವನಲ್ಲ.

ಸರದಿ ಅಂದೆನಲ್ಲ, ಈ ವಿಷಯದಲ್ಲಿ ಘಟಾನುಘಟಿಗಳೂ ಜಾರಿದ್ದಾರೆ. 1972ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 20ನೇ ಆಟದಲ್ಲಿ ಬಾಬಿ ಫಿಷರ್ ಆರ್ಬಿಟರ್ (ತೀರ್ಪುಗಾರ) ಲೋಥರ್ ಸ್ಮಿಟ್‌ರನ್ನು ಕರೆದು, ಒಂದೇ ಸ್ಥಿತಿ ಮೂರು ಸಲ ಬಂದಿದೆ, ಡ್ರಾ ಎಂದರು. ಆರ್ಬಿಟರ್ ತೀರ್ಪು ಕೊಡುವ ಮೊದಲೇ ಎದುರಾಳಿ ಬೋರಿಸ್ ಸ್ಪಾಸ್ಕಿ ನಡೆಗಳನ್ನು ಬರೆದಿಡುವ ಸ್ಕೋರ್‌ಶೀಟ್‌ಗೆ ಸಹಿ ಹಾಕಿಬಿಟ್ಟರು. ಆಮೇಲೆ ನೋಡಿದರೆ ಆ ಸ್ಥಿತಿ ಬಂದದ್ದು ಬಿಳಿಯ 48 ಮತ್ತು 50ನೇ ನಡೆಗಳ ನಂತರ, ಮತ್ತು ಕಪ್ಪಿನ 54ನೇ ನಡೆಯ ನಂತರ. ಎರಡು ಸಲ ಸರದಿ ಕಪ್ಪಿನದು, ಒಂದು ಸಲ ಬಿಳಿಯದು. ಲೆಕ್ಕ ತಪ್ಪು, ಆದರೆ ಇಬ್ಬರೂ ಒಪ್ಪಿಯಾಗಿದ್ದರಿಂದ ಡ್ರಾ ಡ್ರಾವಾಗಿಯೇ ಉಳಿಯಿತು. ಸರ್ವರ್ ಅಷ್ಟು ಉದಾರಿಯಲ್ಲ.

ಸರದಿಯ ಜೊತೆಗೆ ಕಣ್ಣಿಗೆ ಕಾಣದ ಇನ್ನೆರಡು ಸಂಗತಿಗಳಿವೆ. ಒಂದು ಕ್ಯಾಸಲಿಂಗ್ ಹಕ್ಕು, ಅಂದರೆ ರಾಜ ಮತ್ತು ರೂಕ್ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಹಕ್ಕು. ರೂಕ್ ಎಚ್1ರಿಂದ ಜಿ1ಕ್ಕೆ ಹೋಗಿ ಮರಳಿ ಎಚ್1ಕ್ಕೆ ಬಂತು ಅನ್ನಿ. ಕಾಯಿಗಳೆಲ್ಲ ಅಲ್ಲಲ್ಲೇ ಇವೆ, ಆದರೆ ಮೊದಲು ಇದ್ದ ಹಕ್ಕು ಈಗ ಹೋಗಿದೆ. ಹಾಗಾಗಿ ಅದು ಬೇರೆಯೇ ಸ್ಥಿತಿ, ಎಣಿಕೆ ಮತ್ತೆ ಒಂದರಿಂದ. ಇನ್ನೊಂದು ಎನ್ ಪಾಸಾಂಟ್, ಅಂದರೆ ಎರಡು ಮನೆ ಜಿಗಿದ ಪಾನನ್ನು (ಪದಾತಿಯನ್ನು) ಪಕ್ಕದ ಪಾನ್, ಅದು ಒಂದೇ ಮನೆ ನಡೆದಿತ್ತೆಂಬಂತೆ ಹೊಡೆಯುವುದು. ಬಿಳಿ ಪಾನ್ ಇ5ರಲ್ಲಿರುವಾಗ ಕಪ್ಪು ಡಿ7ರಿಂದ ಡಿ5ಕ್ಕೆ ಜಿಗಿದರೆ, ಅದರ ಮರುನಡೆಯಲ್ಲಿ ಮಾತ್ರ ಬಿಳಿ ಅದನ್ನು ಹೊಡೆಯಬಹುದು. ನಂತರ ಕಾಯಿಗಳು ಅದೇ ಜಾಗಕ್ಕೆ ಮರಳಿದರೂ ಆ ಅವಕಾಶ ಮರಳುವುದಿಲ್ಲ, ಮೊದಲನೆಯದು ಲೆಕ್ಕಕ್ಕಿಲ್ಲ. ಪಕ್ಕದಲ್ಲಿ ಹೊಡೆಯುವ ಪಾನೇ ಇರದಿದ್ದರೆ, ಅಥವಾ ಹೊಡೆದರೆ ತನ್ನ ರಾಜನಿಗೇ ಚೆಕ್ ಬೀಳುವಂತಿದ್ದರೆ, ಈ ತಕರಾರಿಲ್ಲ. ಸ್ವಂತ ಚೆಸ್ ಪ್ರೋಗ್ರಾಂ ಬರೆಯಲು ಹೊರಟವರು ಎಡವುವುದು ಇಲ್ಲೇ: ಪಾನ್ ಎರಡು ಮನೆ ಜಿಗಿದಾಗಲೆಲ್ಲ ಎನ್ ಪಾಸಾಂಟ್ ಮನೆಯನ್ನು ಗುರುತು ಹಾಕಿಕೊಂಡು, ಒಂದೇ ಸ್ಥಿತಿಯನ್ನು ಎರಡೆಂದು ಎಣಿಸುತ್ತಾರೆ.

ಇನ್ನು ಕೇಳುವುದು ಹೇಗೆ? ಎದುರುಬದುರು ಕೂತು ಆಡುವಾಗ ಅದೊಂದು ಸಣ್ಣ ಸಮಾರಂಭ. ಅದೇ ಸ್ಥಿತಿಯನ್ನು ಮೂರನೇ ಸಲ ತರಲಿರುವ ನಡೆಯನ್ನು ಕಾಯಿ ಮುಟ್ಟದೆ ಸ್ಕೋರ್‌ಶೀಟ್‌ನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರ್‌ರನ್ನು ಕರೆಯಬೇಕು. ಕಾಯಿ ಮುಟ್ಟಿದರೆ ಆ ಸರದಿಯ ಹಕ್ಕು ಹೋಯಿತು. ಕೇಳಿದ್ದು ತಪ್ಪಾದರೆ ಎದುರಾಳಿಗೆ ಎರಡು ನಿಮಿಷ ಉಡುಗೊರೆ. ಐದು ಸಲ ಬಂದರೆ ಮಾತ್ರ ಯಾರೂ ಕೇಳಬೇಕಿಲ್ಲ, ಆಟ ತಾನಾಗಿ ಡ್ರಾ. ಇದು 2014ರಿಂದ ಇರುವ ನಿಯಮ.

ಆನ್‌ಲೈನ್‌ನಲ್ಲಿ ಮನೆಗೊಂದು ಪದ್ಧತಿ. ಚೆಸ್ ಡಾಟ್ ಕಾಮ್‌ನಲ್ಲಿ ಮೂರನೇ ಸಲಕ್ಕೆ ಆಟ ತಾನೇ ಮುಗಿಯುತ್ತದೆ. ಲಿಚೆಸ್ ತಾಣ ಫಿಡೆ ದಾರಿ ಹಿಡಿದಿದೆ: ಮೂರಕ್ಕೆ ನೀವು ಕೇಳಬೇಕು, ಐದಕ್ಕೆ ತಾನಾಗಿ. ಕೇಳುವ ಬಟನ್ ನಿಮ್ಮ ಸರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೆರಡು ನಿಮಿಷದ ಬುಲೆಟ್ ಆಟದಲ್ಲಿ ಅದನ್ನು ಹುಡುಕಿ ಒತ್ತುವಷ್ಟರಲ್ಲಿ ಮೊದಲೇ ಹಾಕಿಟ್ಟ ಪ್ರಿಮೂವ್ ನಡೆದುಬಿಟ್ಟಿರುತ್ತದೆ, ಬಟನ್ ಮಾಯ. ಮೇಲೆ ಹೇಳಿದ ಐದನೇ ಚೆಕ್‌ನ ಕಿರಿಕಿರಿಗೂ ಇಲ್ಲಿ ಉಪಾಯವಿದೆ: ಮೂರನೇ ಸಲ ತರುವ ನಡೆಗೆ ಮುನ್ನ ಡ್ರಾ ಆಫರ್ ಒತ್ತಿ, ಆಮೇಲೆ ನಡೆಯಿರಿ. ಎದುರಾಳಿ ಆಫರ್ ತಿರಸ್ಕರಿಸಿದರೂ ಡ್ರಾ ಆಗುತ್ತದೆ. ಇಷ್ಟೆಲ್ಲ ಬೇಡ ಅನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಮೂರು ಆಯ್ಕೆಗಳಿವೆ: ತಾನಾಗಿ ಎಂದಿಗೂ ಕೇಳಬೇಡ, 30 ಸೆಕೆಂಡಿಗಿಂತ ಕಡಿಮೆ ಉಳಿದಾಗ ಕೇಳು, ಯಾವಾಗಲೂ ಕೇಳು.

‘ಯಾವಾಗಲೂ’ ಎಂದು ಆರಿಸಿ ಮರೆತವರ ಪಾಡು ಬೇರೆ. ಪ್ರತಿ ನಡೆಗೆ ಗಡಿಯಾರಕ್ಕೆ ಎರಡು ಸೆಕೆಂಡ್ ಕೂಡುವ ಇನ್‌ಕ್ರಿಮೆಂಟ್ ಆಟ, ಕ್ವೀನ್ ಹೆಚ್ಚಿದೆ, ಗೆಲುವು ಖಚಿತ, ಸಮಯವೊಂದೇ ಕಮ್ಮಿ. ಸರಿ, ಎರಡು ಚೆಕ್ ಕೊಟ್ಟು ಹಿಂದೆ ಬಂದು ನಾಲ್ಕು ಸೆಕೆಂಡ್ ಕೂಡಿಸೋಣ ಅಂತ ಶುರು. ರುಚಿ ಹತ್ತಿ ಇನ್ನೊಂದು ಸುತ್ತು. ಅಲ್ಲಿಗೆ ಮೂರು. ಪರದೆಯ ಮೇಲೆ ಅರ್ಧ ಅಂಕ, ಎದುರಾಳಿಯಿಂದ ‘ಥ್ಯಾಂಕ್ಸ್’. ನಿಮ್ಮ ಸೆಟ್ಟಿಂಗ್ ಸರಿಯಿದ್ದರೂ ಪೂರ್ತಿ ಬಚಾವಲ್ಲ, ಅವನದು ‘ಯಾವಾಗಲೂ’ ಆಗಿದ್ದರೆ ಫಲಿತಾಂಶ ಅದೇ. ಅದೇ ಸ್ಥಿತಿ ಹತ್ತು ನಡೆ ಹಿಂದೆ ಬೇರೆ ದಾರಿಯಿಂದ ಒಮ್ಮೆ ಬಂದುಹೋಗಿದ್ದರಂತೂ ಎರಡನೇ ಸುತ್ತೂ ಬೇಡ. ಸ್ಥಿತಿಗಳು ಒಂದರ ಹಿಂದೆ ಒಂದು ಬರಬೇಕೆಂದು ಯಾರೂ ಹೇಳಿಲ್ಲ.

ಗೆಲ್ಲುತ್ತಿರುವಾಗ ಎಣಿಕೆ ಅಳಿಸುವ ಸುಲಭ ದಾರಿ ಪಾನ್ ತಳ್ಳುವುದು, ಇಲ್ಲವೇ ಏನಾದರೂ ಹೊಡೆಯುವುದು. ಪಾನ್ ಹಿಂದಕ್ಕೆ ಬರುವುದಿಲ್ಲ, ಹೊಡೆದ ಕಾಯಿ ಮರಳಿ ಹಲಗೆಗೆ ಏರುವುದಿಲ್ಲ, ಆದ್ದರಿಂದ ಹಳೆಯ ಸ್ಥಿತಿ ಯಾವುದೂ ಮತ್ತೆ ಬರಲಾರದು. ಪ್ರೋಗ್ರಾಂಗಳೂ ಹಿಂದಕ್ಕೆ ಹುಡುಕುವುದು ಕೊನೆಯ ಪಾನ್ ನಡೆ ಅಥವಾ ಹೊಡೆತದವರೆಗೆ ಮಾತ್ರ. ತಳ್ಳುವ ಮೊದಲು ಆ ಪಾನ್ ನಿಮ್ಮ ರಾಜನ ಮುಂದಿನದೇ ಎಂದು ಒಮ್ಮೆ ನೋಡಿಕೊಳ್ಳಿ. ಡ್ರಾ ತಪ್ಪಿಸಿಕೊಂಡು ಮೇಟ್ ಆದವರೂ ಇದ್ದಾರೆ.